ಮಂದ್ರಧ್ವನಿಯ ಪೆಟ್ಟಿಗೆ

ಜಾತ್ರೆಯ ರಾತ್ರಿ ಊರಿನ ಹೊರಗೆ ನಿಂತು ಕಿವಿಗೊಟ್ಟವರಿಗೆ ಒಂದು ಸಂಗತಿ ಅನುಭವಕ್ಕೆ ಬಂದೇ ಇರುತ್ತದೆ. ತೇರಿನ ಸಮೀಪದಲ್ಲಿ ನಾಗಸ್ವರ, ತಾಳ, ಡೊಳ್ಳು, ಜನರ ಕೂಗು ಎಲ್ಲವೂ ಒಟ್ಟಿಗೆ ಕಿವಿಯನ್ನು ತುಂಬುತ್ತವೆ. ದೂರ ಸರಿದಂತೆಲ್ಲ ಮೊದಲು ತಾಳದ ಕಿಣಿಕಿಣಿ ಅಳಿಯುತ್ತದೆ. ಬಳಿಕ ನಾಗಸ್ವರ ಕ್ಷೀಣಿಸುತ್ತದೆ. ಕಟ್ಟಕಡೆಗೆ ಡೊಳ್ಳಿನ ದಿಮಿದಿಮಿ ಒಂದೇ ಉಳಿದು, ಮನೆಗಳನ್ನೂ ತೋಪುಗಳನ್ನೂ ದಾಟಿ ನಮ್ಮನ್ನು ಹಿಂಬಾಲಿಸಿ ಬರುತ್ತದೆ.

ಇದೇ ಅನುಭವ ಇಂದಿನ ಬಹುಮಹಡಿ ಕಟ್ಟಡಗಳಲ್ಲಿಯೂ ಉಂಟು. ಮೇಲಿನ ಮನೆಯವರು ಚಲನಚಿತ್ರ ನೋಡುತ್ತಿದ್ದರೆ ಪಾತ್ರಗಳ ಮಾತು ನಮಗೆ ಕೇಳಿಸದು. ಸಿಡಿತದ ದಬದಬ ಮಾತ್ರ ಚಾವಣಿಯನ್ನು ಹಾಯ್ದು ಬಂದು ಎದೆಗೆ ತಾಗುತ್ತದೆ. ಇಂತಹ ಮಂದ್ರಧ್ವನಿಯನ್ನು ಹೊರಡಿಸಲೆಂದೇ ಮಾಡಿದ ಧ್ವನಿವರ್ಧಕಕ್ಕೆ ಸಬ್‌ವೂಫರ್ ಎಂದು ಹೆಸರು. ನಾಯಿಯ ಬೊಗಳುವಿಕೆಯನ್ನು ಅನುಕರಿಸುವ ಇಂಗ್ಲಿಷ್ ಶಬ್ದದಿಂದ ವೂಫರ್ ಎಂಬ ಹೆಸರು ಹುಟ್ಟಿತು. ಅದಕ್ಕಿಂತಲೂ ಕೆಳಗಿನ ಸ್ವರಗಳನ್ನು ನುಡಿಸತಕ್ಕದ್ದು ಸಬ್‌ವೂಫರ್.

‘ಯಾವ ಸಬ್‌ವೂಫರನ್ನು ಕೊಳ್ಳಬೇಕು?’ ಎಂದು ವಿದ್ಯಾರ್ಥಿಗಳು ನನ್ನನ್ನು ಆಗಾಗ ಕೇಳುವುದುಂಟು. ಅಂಗಡಿಯಲ್ಲಿ ಇದಕ್ಕೆ ದೊರೆಯುವ ಉತ್ತರ ಎರಡು ಅಂಕಿಗಳಲ್ಲಿ ಮುಗಿದುಹೋಗುತ್ತದೆ: ಇಷ್ಟು ಅಂಗುಲ, ಇಷ್ಟು ವಾಟ್. ಆದರೆ ಒಂದು ಕುಟುಂಬದ ತಿಂಗಳ ಉಳಿತಾಯವನ್ನೋ ವಿದ್ಯಾರ್ಥಿವೇತನವನ್ನೋ ತೆತ್ತು ತಂದ ಪೆಟ್ಟಿಗೆ ಮನೆಯಲ್ಲಿ ಬರಿಯ ಗದ್ದಲವನ್ನು ಮಾಡಿದರೆ, ತಪ್ಪು ಎಲ್ಲಿದೆಯೆಂದು ಆ ಎರಡು ಅಂಕಿಗಳು ಹೇಳಲಾರವು. ಮಂದ್ರಧ್ವನಿಯ ಸ್ವಭಾವವನ್ನೂ ಅದು ನಿಲ್ಲುವ ಕೋಣೆಯ ಸ್ವಭಾವವನ್ನೂ ಜೊತೆಯಾಗಿ ಅರಿತವರಿಗೆ ಮಾತ್ರ ಈ ಆಯ್ಕೆ ಸುಲಭವಾದೀತು.

ಮಂದ್ರದ ಅಳತೆ

ಶಬ್ದವೆಂದರೆ ಗಾಳಿಯ ಕಂಪನ. ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಸಂಖ್ಯೆಯೇ ಆವೃತ್ತಿ. ಅದರ ಮಾನ ಹರ್ಟ್ಸ್. ಆರೋಗ್ಯವಂತ ತರುಣರ ಕಿವಿ ಸುಮಾರು 20 ಹರ್ಟ್ಸಿನಿಂದ 20,000 ಹರ್ಟ್ಸಿನವರೆಗಿನ ಧ್ವನಿಗಳನ್ನು ಗ್ರಹಿಸಬಲ್ಲುದು. ಸಬ್‌ವೂಫರಿನ ಕ್ಷೇತ್ರ ಈ ವಿಸ್ತಾರದ ಅತ್ಯಂತ ಕೆಳಗಿನ ಅಂಚು. 20ರಿಂದ ಸುಮಾರು 100 ಹರ್ಟ್ಸಿನವರೆಗೆ ಮಾತ್ರ.

ನಮ್ಮ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಇದನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ದೊರೆಯುತ್ತದೆ. 1000 ಹರ್ಟ್ಸಿನ ಶಬ್ದದ ತರಂಗದೂರ ಸುಮಾರು ಒಂದು ಅಡಿಗಿಂತ ಸ್ವಲ್ಪ ಹೆಚ್ಚು. 80 ಹರ್ಟ್ಸಿನದು 4.3 ಮೀಟರ್, 20 ಹರ್ಟ್ಸಿನದಾದರೋ 17 ಮೀಟರಿಗೂ ಹೆಚ್ಚು. ಇಷ್ಟು ಉದ್ದದ ಅಲೆಗೆ ಮನೆಯ ಮೂಲೆಯಾಗಲಿ ಮರದ ಕಾಂಡವಾಗಲಿ ಅಡ್ಡಿಯೇ ಅಲ್ಲ. ಹೊಳೆಯ ದೊಡ್ಡ ಅಲೆ ನೀರಿನಲ್ಲಿ ನೆಟ್ಟ ಕೋಲನ್ನು ಸುತ್ತಿ ಹೋಗುವಂತೆ ಅದು ಬಳಸಿ ಹೋಗುತ್ತದೆ. ಜಾತ್ರೆಯ ಡೊಳ್ಳು ದೂರಕ್ಕೆ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಗಾಳಿಯು ಎತ್ತರದ ಸ್ವರಗಳನ್ನು ಹೀರುವಷ್ಟು ತಗ್ಗಿನ ಸ್ವರಗಳನ್ನು ಹೀರದು ಎಂಬುದು ಇನ್ನೊಂದು.

ಸಂಗೀತದಲ್ಲಿ ಇಷ್ಟು ತಗ್ಗಿನ ಸ್ವರಗಳು ಎಲ್ಲಿವೆ? ಪಿಯಾನೋದ ಅತ್ಯಂತ ಕೆಳಗಿನ ಸ್ವರ 27.5 ಹರ್ಟ್ಸ್. ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಸಿನಲ್ಲಿ ಮಿಡಿಯುತ್ತದೆ. ಗಾಯಕರ ಷಡ್ಜ 138 ಹರ್ಟ್ಸಿನ ಸಮೀಪದಲ್ಲಿದ್ದರೆ ಅವರ ತಂಬೂರಿಯ ಮಂದ್ರ ಷಡ್ಜ ಅದರ ಅರ್ಧ, ಅಂದರೆ ಸುಮಾರು 69 ಹರ್ಟ್ಸ್. ಮೃದಂಗದ ಎಡಮುಖವಾದ ತೊಪ್ಪಿಗೆ ಕಚೇರಿಯ ಮುನ್ನ ರವೆಯ ಕಣಕವನ್ನು ಮೆತ್ತುವುದನ್ನು ಅನೇಕರು ನೋಡಿರಬಹುದು; ಚರ್ಮದ ಭಾರ ಹೆಚ್ಚಿದಷ್ಟೂ ಅದರ ಕಂಪನ ನಿಧಾನವಾಗಿ ನಾದವು ಮಂದ್ರಕ್ಕೆ ಇಳಿಯುತ್ತದೆ. ನಮ್ಮ ಮೃದಂಗ ತಬಲಗಳ ಬಲಮುಖದಲ್ಲಿ ಕರಣೆಯ ಲೇಪನವು ಚರ್ಮದ ಕಂಪನಗಳನ್ನು ತಂತಿಯ ಸ್ವರಗಳಂತೆ ಸುಸಂಗತಗೊಳಿಸುವ ಬಗೆಯನ್ನು ಸರ್ ಸಿ. ವಿ. ರಾಮನ್ನರು 1920ರಲ್ಲಿಯೂ, ಬೆಂಗಳೂರಿಗೆ ಬಂದ ಬಳಿಕ 1934ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ ವಿಶದಪಡಿಸಿದರು.

ಕಿವಿಯ ಜಿಪುಣತನ

ಮಂದ್ರದ ವಿಷಯದಲ್ಲಿ ಕಿವಿ ಬಹಳ ಜಿಪುಣ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು ಮೊದಲು ವಿಸ್ತಾರವಾಗಿ ಅಳೆದು ತೋರಿಸಿದರು. ಇಂದಿನ ಅಳತೆಗಳ ಪ್ರಕಾರ 1000 ಹರ್ಟ್ಸಿನ ಧ್ವನಿ ನಿಶ್ಶಬ್ದದಲ್ಲಿ ಸುಮಾರು 2 ಡೆಸಿಬೆಲ್ ಇದ್ದರೆ ಕಿವಿಗೆ ಬೀಳುತ್ತದೆ. 20 ಹರ್ಟ್ಸಿನ ಧ್ವನಿಯಾದರೋ 75 ಡೆಸಿಬೆಲನ್ನು ಮೀರಿದ ಮೇಲೆಯೇ ಕೇಳತೊಡಗುವುದು. ಆದರೆ ಒಮ್ಮೆ ಕೇಳತೊಡಗಿತೆಂದರೆ, ಡೆಸಿಬೆಲುಗಳಲ್ಲಿ ಆಗುವ ಅಲ್ಪ ಏರಿಕೆಯೂ ಕಿವಿಗೆ ದೊಡ್ಡ ಏರಿಕೆಯಾಗಿ ತೋರುತ್ತದೆ. ಈ ಎರಡನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಕೋಣೆಯ ಪ್ರಸ್ತಾಪ ಬಂದಾಗ ಇದರ ಬೆಲೆ ತಿಳಿಯುವುದು.

ಇನ್ನೊಂದು ವಿಚಿತ್ರವೂ ಉಂಟು. ಮೊಬೈಲ್ ಫೋನಿನ ಪುಟ್ಟ ಧ್ವನಿವರ್ಧಕವು 69 ಹರ್ಟ್ಸನ್ನು ಹೊರಡಿಸಲು ಅಸಮರ್ಥ. ಆದರೂ ಅದರಲ್ಲಿ ತಂಬೂರಿಯ ಮಂದ್ರ ಷಡ್ಜವನ್ನು ನಾವು ಗುರುತಿಸಬಲ್ಲೆವು. ಮೂಲಸ್ವರದ ಜೊತೆಗೆ ಹುಟ್ಟುವ 138, 207, 276 ಹರ್ಟ್ಸ್ ಮೊದಲಾದ ಮೇಲಿನ ಸ್ವರಗಳ ನಡುವಣ ಸಮಾನ ಅಂತರದಿಂದ, ಕಾಣೆಯಾದ ಮೂಲಸ್ವರವನ್ನು ನಮ್ಮ ಶ್ರವಣಶಕ್ತಿಯೇ ಊಹಿಸಿಕೊಳ್ಳುತ್ತದೆ. ರಾಗ ತಿಳಿಯುವುದಕ್ಕೆ ಸಬ್‌ವೂಫರ್ ಅನಿವಾರ್ಯವಲ್ಲ ಎಂದಾಯಿತು. ಆದರೆ ಊಹಿಸಿದ ಸ್ವರಕ್ಕೆ ತೂಕವಿಲ್ಲ. ಕಚೇರಿಯ ಮುಂದಿನ ಸಾಲಿನಲ್ಲಿ ಕುಳಿತಾಗ ತೊಪ್ಪಿಯ ಗುಂಕಾರ ಎದೆಗೆ ಮುಟ್ಟುವುದಷ್ಟೆ. ಆ ಸ್ಪರ್ಶವನ್ನು ಒದಗಿಸಲು ಗಾಳಿಯು ನಿಜವಾಗಿಯೂ ಅಲುಗಬೇಕು.

ಗಾಳಿಯನ್ನು ಅಲುಗಿಸುವ ಕಷ್ಟ

ಧ್ವನಿವರ್ಧಕದಲ್ಲಿ ಒಂದು ಶಂಕು, ಅದಕ್ಕೆ ಅಂಟಿದ ಒಂದು ತಂತಿಸುರುಳಿ, ಸುರುಳಿಯ ಸುತ್ತ ಒಂದು ಅಯಸ್ಕಾಂತ ಇರುತ್ತವೆ. ಸುರುಳಿಯಲ್ಲಿ ವಿದ್ಯುತ್ತು ಹಿಂದುಮುಂದಾಗಿ ಹರಿದಂತೆ ಶಂಕುವೂ ಹಿಂದುಮುಂದಾಗಿ ಅಲುಗಿ ಗಾಳಿಯನ್ನು ದೂಡುತ್ತದೆ. ಈ ರಚನೆಯನ್ನು ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬುವರು 1925ರಲ್ಲಿ ವಿವರಿಸಿದರು. ಮೂಲತತ್ತ್ವವು ಇಂದಿಗೂ ಬದಲಾಗಿಲ್ಲ.

ಇಲ್ಲಿ ಒಂದು ಕಠಿಣವಾದ ನಿಯಮವಿದೆ. ಶಬ್ದದ ಬಲವನ್ನು ಒಂದೇ ಸಮನಾಗಿಟ್ಟು ಆವೃತ್ತಿಯನ್ನು ಅರ್ಧಕ್ಕೆ ಇಳಿಸಿದರೆ ಶಂಕುವು ನಾಲ್ಕರಷ್ಟು ದೂರ ಚಲಿಸಬೇಕಾಗುತ್ತದೆ. ಒಂದು ಲೆಕ್ಕವನ್ನು ನೋಡೋಣ. ಬಯಲಿನ ನೆಲದ ಮೇಲಿಟ್ಟ 12 ಅಂಗುಲದ ಧ್ವನಿವರ್ಧಕ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಶಬ್ದವನ್ನು ಉಂಟುಮಾಡಬೇಕೆಂದಿಟ್ಟುಕೊಳ್ಳಿ. ಅದರ ಶಂಕುವಿನ ಸಫಲ ವಿಸ್ತೀರ್ಣ ಸುಮಾರು 500 ಚದರ ಸೆಂಟಿಮೀಟರ್. 80 ಹರ್ಟ್ಸಿನಲ್ಲಿ ಈ ಶಂಕುವು ತನ್ನ ನಡುನೆಲೆಯಿಂದ ಒಂದೊಂದು ಕಡೆಗೆ ಸುಮಾರು 1.2 ಮಿಲಿಮೀಟರ್ ಅಲುಗಿದರೆ ಸಾಕು. 40 ಹರ್ಟ್ಸಿನಲ್ಲಿ 4.7 ಮಿಲಿಮೀಟರ್ ಬೇಕು. 20 ಹರ್ಟ್ಸಿಗೆ ಇಳಿದರೆ ಸುಮಾರು 19 ಮಿಲಿಮೀಟರ್! ಅಂದರೆ ಒಂದೊಂದು ತಳ್ಳಿಗೂ ಹೆಚ್ಚು ಕಡಮೆ ಒಂದು ಲೀಟರ್ ಗಾಳಿ ಸರಿಯಬೇಕು. ಇದೇ ಕೆಲಸವನ್ನು 8 ಅಂಗುಲದ ಶಂಕುವಿಗೆ ಒಪ್ಪಿಸಿದರೆ ಅದು 45 ಮಿಲಿಮೀಟರಿನಷ್ಟು ನೆಗೆಯಬೇಕಾದೀತು. ಸಾಮಾನ್ಯವಾದ ಯಾವ 8 ಅಂಗುಲದ ಶಂಕುವಿಗೂ ಅದು ಅಸಾಧ್ಯ.

ಆದುದರಿಂದ ಪೆಟ್ಟಿಗೆಯ ಮೇಲಿನ ಅಂಗುಲದ ಅಂಕಿಗೆ ಅರ್ಥವುಂಟು. ಆದರೆ ಅದರ ಜೊತೆಗೆ ಶಂಕು ಎಷ್ಟು ದೂರ ಚಲಿಸಬಲ್ಲುದು ಎಂಬುದೂ ಸೇರಬೇಕು. ವಾಟಿನ ಅಂಕಿಯ ಮಹಿಮೆ ಇದಕ್ಕಿಂತ ಕಡಮೆ. 100 ವಾಟಿನ ವರ್ಧಕದ ಬದಲು 200 ವಾಟಿನದನ್ನು ಕೂಡಿಸಿದರೆ ಶಬ್ದ ಏರುವುದು 3 ಡೆಸಿಬೆಲ್ ಮಾತ್ರ. ಶಂಕುವು ಆಗಲೇ ತನ್ನ ಚಲನೆಯ ಮಿತಿಯನ್ನು ಮುಟ್ಟಿದ್ದರೆ ಅಷ್ಟೂ ಏರದು. ಇನ್ನು ಕೆಲವು ಪೆಟ್ಟಿಗೆಗಳ ಮೇಲೆ ಸಾವಿರಗಟ್ಟಲೆ ವಾಟ್ ಎಂದು ಪಿ.ಎಂ.ಪಿ.ಓ. ಎಂಬ ಅಕ್ಷರಗಳೊಡನೆ ಮುದ್ರಿಸಿರುವುದುಂಟು. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಯ ಕ್ರಮವೇ ಇಲ್ಲ. ಆರ್.ಎಂ.ಎಸ್. ಎಂದು ನಮೂದಿಸಿದ ವಾಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ಯುಕ್ತ.

ಮುಚ್ಚಿದ ಪೆಟ್ಟಿಗೆ, ಬಾಯುಳ್ಳ ಪೆಟ್ಟಿಗೆ

ಶಂಕುವು ಮುಂದಕ್ಕೆ ಸರಿದಾಗ ಮುಂಭಾಗದ ಗಾಳಿ ಒತ್ತಡಕ್ಕೆ ಒಳಗಾಗುತ್ತದೆ. ಅದೇ ಗಳಿಗೆಯಲ್ಲಿ ಹಿಂಭಾಗದ ಗಾಳಿ ಸಡಿಲವಾಗುತ್ತದೆ. ಇವೆರಡೂ ಅಂಚನ್ನು ಬಳಸಿ ಒಂದನ್ನೊಂದು ಕೂಡಿದರೆ ಶಬ್ದ ತನ್ನನ್ನು ತಾನೇ ಅಳಿಸಿಹಾಕಿಕೊಳ್ಳುತ್ತದೆ. ಪೆಟ್ಟಿಗೆಯ ಮೊದಲ ಪ್ರಯೋಜನ ಇವೆರಡನ್ನೂ ಬೇರ್ಪಡಿಸುವುದು.

ಪೂರ್ಣವಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಸೆರೆಯಾದ ಗಾಳಿಯು ಶಂಕುವಿಗೆ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿದರೆ ಈ ಸ್ಪ್ರಿಂಗು ಕೈಗೆ ತಿಳಿಯುತ್ತದೆ. ಈ ಗುಣವನ್ನೇ ಬಳಸಿಕೊಂಡು ಸಣ್ಣ ಪೆಟ್ಟಿಗೆಯಲ್ಲಿ ಒಳ್ಳೆಯ ಮಂದ್ರವನ್ನು ಪಡೆಯುವ ಮಾರ್ಗವನ್ನು ಎಡ್ಗರ್ ವಿಲ್ಚರ್ ಎಂಬ ಅಮೆರಿಕನ್ನರು 1954ರಲ್ಲಿ ತೋರಿಸಿಕೊಟ್ಟರು.

ಎರಡನೆಯ ಬಗೆಯ ಪೆಟ್ಟಿಗೆಗೆ ಒಂದು ಕೊಳವೆಯ ಬಾಯಿ ಇರುತ್ತದೆ. ಖಾಲಿ ಸೀಸೆಯ ಬಾಯಿಗೆ ಊದಿದಾಗ ‘ಭೋಂ’ ಎನ್ನುವುದನ್ನು ಎಲ್ಲರೂ ಬಲ್ಲರು. ಸೀಸೆಯೊಳಗಿನ ಗಾಳಿ ಸ್ಪ್ರಿಂಗಾಗಿ, ಕುತ್ತಿಗೆಯ ಗಾಳಿ ಅದಕ್ಕೆ ಕಟ್ಟಿದ ತೂಕವಾಗಿ ಒಂದು ನಿಶ್ಚಿತ ಆವೃತ್ತಿಯಲ್ಲಿ ತೂಗಾಡುತ್ತವೆ. ಘಟವಾದ್ಯವನ್ನು ನುಡಿಸುವವರು ಅದರ ಬಾಯಿಯನ್ನು ಹೊಟ್ಟೆಗೆ ಒತ್ತಿ, ಬಿಟ್ಟು, ಮಂದ್ರನಾದವನ್ನು ಬದಲಾಯಿಸುವುದೂ ಇದೇ ಗಾಳಿಯ ಆಟ. ಬಾಯುಳ್ಳ ಪೆಟ್ಟಿಗೆಯು ತನ್ನ ಈ ಆವೃತ್ತಿಯ ಸಮೀಪದಲ್ಲಿ ಕೊಳವೆಯ ಗಾಳಿಯಿಂದಲೇ ಹೆಚ್ಚಿನ ಶಬ್ದವನ್ನು ಹೊರಡಿಸುವುದರಿಂದ ಶಂಕುವಿನ ಶ್ರಮ ತಗ್ಗುತ್ತದೆ. ಇದರ ಗಣಿತವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದರು. ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಅದನ್ನು ಬೆಳೆಸಿದರು. ಇಂದು ಧ್ವನಿವರ್ಧಕದ ಪೆಟ್ಟಿಗೆಗಳನ್ನು ಲೆಕ್ಕಹಾಕುವ ವಿಧಾನಕ್ಕೆ ಇವರಿಬ್ಬರ ಹೆಸರೇ ಅಂಟಿಕೊಂಡಿದೆ.

ಲಾಭವಿದ್ದಲ್ಲಿ ನಷ್ಟವೂ ಉಂಟು. ತನ್ನ ಮಿತಿಗಿಂತ ಕೆಳಗೆ ಮುಚ್ಚಿದ ಪೆಟ್ಟಿಗೆಯ ಧ್ವನಿ ಆವೃತ್ತಿ ಅರ್ಧವಾದಾಗಲೆಲ್ಲ 12 ಡೆಸಿಬೆಲಿನಂತೆ ಮೆಲ್ಲಗೆ ಇಳಿಯುತ್ತದೆ. ಬಾಯುಳ್ಳದ್ದು 24 ಡೆಸಿಬೆಲಿನಂತೆ ಧಡಕ್ಕನೆ ಇಳಿಯುತ್ತದೆ. ಅಲ್ಲದೆ, ಗಾತ್ರದಲ್ಲಿ ಇದು ದೊಡ್ಡದು. ಹೊಡೆತ ನಿಂತ ಮೇಲೂ ಅದರ ಕೊಳವೆಯ ಗಾಳಿ ಸ್ವಲ್ಪ ಹೊತ್ತು ತೂಗಾಡುತ್ತಿರುತ್ತದೆ.

ಸಂಗೀತಕ್ಕೊಂದು, ಚಿತ್ರಕ್ಕೊಂದು?

ಚಲನಚಿತ್ರಕ್ಕೆ ಮಂದ್ರದ ಹಸಿವು ಬಲು ಹೆಚ್ಚು. 1974ರಲ್ಲಿ ತೆರೆಕಂಡ ‘ಅರ್ಥ್‌ಕ್ವೇಕ್’ ಎಂಬ ಅಮೆರಿಕದ ಚಿತ್ರಕ್ಕಾಗಿ ಯೂನಿವರ್ಸಲ್ ಸಂಸ್ಥೆಯವರು ಚಿತ್ರಮಂದಿರಗಳಲ್ಲಿ ಭಾರಿ ಸಬ್‌ವೂಫರುಗಳನ್ನು ಇರಿಸಿ, ಭೂಕಂಪದ ದೃಶ್ಯದಲ್ಲಿ ಪ್ರೇಕ್ಷಕರ ಆಸನಗಳೇ ನಡುಗುವಂತೆ ಮಾಡಿದರು. ಸೆನ್‌ಸರೌಂಡ್ ಎಂದು ಅದರ ಹೆಸರು. 1992ರಲ್ಲಿ ಚಿತ್ರಮಂದಿರಗಳಿಗೆ ಬಂದ ಡಾಲ್ಬಿ ಡಿಜಿಟಲ್ ಪದ್ಧತಿಯಲ್ಲಿ ಮಂದ್ರಕ್ಕೆಂದೇ ಒಂದು ಪ್ರತ್ಯೇಕ ಹಾದಿಯನ್ನು ಗೊತ್ತುಮಾಡಲಾಯಿತು. ‘5.1’ ಎಂಬ ಸಂಕೇತದಲ್ಲಿನ ಕಡೆಯ 1 ಅದನ್ನೇ ಸೂಚಿಸುತ್ತದೆ. ಈ ಹಾದಿಯು ಸುಮಾರು 120 ಹರ್ಟ್ಸಿನವರೆಗೆ ಮಾತ್ರ. ಆದರೆ ಉಳಿದ ಒಂದೊಂದು ಹಾದಿಗಿಂತ 10 ಡೆಸಿಬೆಲ್ ಹೆಚ್ಚು ಗಟ್ಟಿಯಾಗಿ ನುಡಿಯುವಂತೆ ಅದನ್ನು ಅಳವಡಿಸಲಾಗಿದೆ. ಸಿಡಿತ, ಗುಡುಗು, ವಿಮಾನದ ಮೊರೆತಗಳು 20 ಹರ್ಟ್ಸಿನವರೆಗೂ ಇಳಿಯಬಹುದು.

ಸಂಗೀತದ ಬೇಡಿಕೆ ಬೇರೆ. ಬಹುಪಾಲು ಸಂಗೀತ 40 ಹರ್ಟ್ಸಿನ ಮೇಲೆಯೇ ಇದೆ. ಅಲ್ಲಿ ಮುಖ್ಯವಾದುದು ಸ್ವರಸ್ವರಗಳ ನಡುವಣ ಸಮತೆ. ಹೊಡೆತ ಆರಂಭವಾದಾಗ ಆರಂಭವಾಗಿ, ನಿಂತಾಗ ನಿಲ್ಲಬೇಕು. ಆದುದರಿಂದ ಚಿಕ್ಕ ಕೋಣೆಯಲ್ಲಿ ಮುಖ್ಯವಾಗಿ ಸಂಗೀತ ಕೇಳುವವರಿಗೆ 10 ಅಥವಾ 12 ಅಂಗುಲದ ಮುಚ್ಚಿದ ಪೆಟ್ಟಿಗೆ ಸಾಕು. ದೊಡ್ಡ ಹಜಾರದಲ್ಲಿ ಮುಖ್ಯವಾಗಿ ಚಿತ್ರ ನೋಡುವವರಿಗೆ 12 ಅಥವಾ 15 ಅಂಗುಲದ, 20 ಹರ್ಟ್ಸಿನ ಸಮೀಪಕ್ಕೆ ಹೊಂದಿಸಿದ ಬಾಯುಳ್ಳ ಪೆಟ್ಟಿಗೆ ಅದೇ ಹಣಕ್ಕೆ ಹೆಚ್ಚು ಬಲವನ್ನು ಕೊಟ್ಟೀತು. ಆದರೆ ಮುಚ್ಚಿದ ಪೆಟ್ಟಿಗೆಯೇ ಸಂಗೀತದ ಪೆಟ್ಟಿಗೆ, ಬಾಯುಳ್ಳದ್ದೆಲ್ಲ ಮೊರೆತದ ಪೆಟ್ಟಿಗೆ ಎಂದು ಸಾರುವವರ ಮಾತನ್ನು ಪೂರ್ತಿಯಾಗಿ ನಂಬಬೇಕಾಗಿಲ್ಲ. ಹೊಡೆತ ನಿಂತರೂ ನಾದ ನಿಲ್ಲದ ದೋಷಕ್ಕೆ ಬಹುತೇಕ ಮನೆಗಳಲ್ಲಿ ಪೆಟ್ಟಿಗೆಗಿಂತ ದೊಡ್ಡ ಅಪರಾಧಿ ಇನ್ನೊಂದಿದೆ. ಅದು ಕೋಣೆ.

ಕೋಣೆಯೂ ಒಂದು ವಾದ್ಯ

ಅಗಲವಾದ ತಟ್ಟೆಯಲ್ಲಿ ನೀರು ತುಂಬಿಕೊಂಡು ನಡೆದು ನೋಡಿ. ಹೆಜ್ಜೆಯ ಲಯ ನೀರಿನ ಲಯಕ್ಕೆ ಕೂಡಿಬಂದರೆ ನೀರು ಎರಡು ಅಂಚುಗಳಲ್ಲಿ ಏರಿ ಇಳಿದು ಚೆಲ್ಲುತ್ತದೆ. ನಟ್ಟನಡುವೆ ಮಟ್ಟ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಎದುರುಬದುರಾದ ಎರಡು ಗೋಡೆಗಳ ನಡುವೆ ಮಂದ್ರಧ್ವನಿಯು ನಡೆದುಕೊಳ್ಳುವುದು ಹೀಗೆಯೇ. ಗೋಡೆಗಳ ಬಳಿ ಒತ್ತಡದ ಏರಿಳಿತ ಪ್ರಬಲ. ನಡುವೆ ಅದು ಶೂನ್ಯ. ಇದೇ ಸ್ಥಾಯೀ ತರಂಗ. ಶಬ್ದದ ವೇಗವನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಇದರ ಮೊದಲ ಆವೃತ್ತಿ ದೊರೆಯುತ್ತದೆ. ಪಾಠಪುಸ್ತಕದ ಕೊಳವೆಯ ಸೂತ್ರವನ್ನು ಬಲ್ಲವರಿಗೆ ಇದು ಹೊಸದಲ್ಲ. ಕೋಣೆಯೆಂದರೆ ಎರಡೂ ಕೊನೆ ಮುಚ್ಚಿದ ಕೊಳವೆ.

5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯನ್ನು ತೆಗೆದುಕೊಳ್ಳೋಣ. ಉದ್ದದ ಆವೃತ್ತಿ 34.5 ಹರ್ಟ್ಸ್, ಅಗಲದ್ದು 43.1, ಎತ್ತರದ್ದು 57.5. ಮೂರೂ ಸಬ್‌ವೂಫರಿನ ಕ್ಷೇತ್ರದ ಒಳಗೇ ಬಿದ್ದವು! ಈ ಆವೃತ್ತಿಗಳಲ್ಲಿ ಕೋಣೆಯೇ ನುಡಿಯತೊಡಗುತ್ತದೆ; ಪೆಟ್ಟಿಗೆ ಸುಮ್ಮನಾದ ಮೇಲೂ ನುಡಿಯುತ್ತಿರುತ್ತದೆ. ಮರದ ಚೌಕಟ್ಟಿಗೆ ತೆಳುವಾದ ಹಲಗೆ ಹೊಡೆದ ಅಮೆರಿಕದ ಮನೆಗಳ ಗೋಡೆಗಳು ಬಳುಕಿ, ಮಂದ್ರದ ಒಂದು ಪಾಲನ್ನು ತಾವೇ ನುಂಗುತ್ತವೆ. ನಮ್ಮ ಇಟ್ಟಿಗೆ ಕಾಂಕ್ರೀಟುಗಳ ಗೋಡೆಗಳು ಬಳುಕುವುದಿಲ್ಲ, ಬಂದುದನ್ನೆಲ್ಲ ಹಿಂದಿರುಗಿಸುತ್ತವೆ. ಪರದೆ, ಮೆತ್ತೆ, ಜಮಖಾನೆಗಳು ಎತ್ತರದ ಸ್ವರಗಳನ್ನು ಹೀರಿಯಾವೇ ಹೊರತು, ಹತ್ತು ಮೀಟರ್ ಉದ್ದದ ಅಲೆಯನ್ನು ಹೀರುವಷ್ಟು ದಪ್ಪವಲ್ಲ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದ ಮೇಲೆ. ಹೆಚ್ಚುಕಡಮೆ ಇಷ್ಟೇ ಅಳತೆಯ ನಮ್ಮ ಕೋಣೆಗೆ 10 ಅಂಗುಲದ ಪೆಟ್ಟಿಗೆಯೊಂದನ್ನು ತಂದು, ಜಾಗ ಸಿಕ್ಕಿತೆಂದು ಮೂಲೆಯಲ್ಲಿ ಇರಿಸಿದೆ. ನನ್ನ ಕುರ್ಚಿ ಪಕ್ಕದ ಗೋಡೆಗೆ ಒರಗಿಕೊಂಡಿತ್ತು. ಪರಿಚಿತವಾದ ಚಿತ್ರಗೀತೆಯನ್ನು ಹಾಕಿದರೆ ಬೇಸ್ ಗಿಟಾರಿನ ಒಂದು ಸ್ವರ ಗುಡುಗಿತು; ಅದರ ಸಮೀಪದ ಇನ್ನೊಂದು ಸ್ವರ ಸೊರಗಿ ಮಾಯವಾಯಿತು. ಪೆಟ್ಟಿಗೆ ಕೆಟ್ಟದ್ದೆಂದು ನಿಶ್ಚಯಿಸಿ, ಹಿಂದಿರುಗಿಸಲು ರಟ್ಟಿನ ಪೆಟ್ಟಿಗೆಗೆ ತುಂಬಿಯೂ ಬಿಟ್ಟೆ. ಆಮೇಲೆ ಒಂದು ಸಂಶಯ ಬಂದು ಅಳತೆಪಟ್ಟಿಯನ್ನು ಕೈಗೆತ್ತಿಕೊಂಡೆ. ಗುಡುಗಿದ ಸ್ವರ 43.7 ಹರ್ಟ್ಸ್, ಕೋಣೆಯ ಅಗಲದ ಆವೃತ್ತಿ 43.1. ಸೊರಗಿದ ಸ್ವರ 49; ಅದು ಅಗಲ ಎತ್ತರಗಳ ಎರಡು ಆವೃತ್ತಿಗಳ ನಡುವಣ ಬಯಲಿನಲ್ಲಿತ್ತು. ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದ ಸೂತ್ರ ನನ್ನ ಮನೆಯೊಳಗೇ ಕುಳಿತು ನುಡಿಯುತ್ತಿತ್ತು. ಅದು ನನಗೆ ಹೊಳೆದಿರಲಿಲ್ಲ!

ಮೂಲೆಯೆಂದರೆ ಮೂರು ಮೇಲ್ಮೈಗಳು ಕೂಡುವ ಜಾಗ. ಅಲ್ಲಿ ಎಲ್ಲ ಸ್ಥಾಯೀ ತರಂಗಗಳ ಒತ್ತಡವೂ ಗರಿಷ್ಠ. ಅಲ್ಲಿಟ್ಟ ಪೆಟ್ಟಿಗೆ ಎಲ್ಲವನ್ನೂ ಪೂರ್ಣವಾಗಿ ಕೆರಳಿಸುತ್ತದೆ. ಶಬ್ದ ಹೆಚ್ಚುತ್ತದೆ, ಸಮತೆ ಕೆಡುತ್ತದೆ. ಕಿವಿಯು ಮಂದ್ರದ ಅಲ್ಪ ಏರಿಕೆಯನ್ನೂ ದೊಡ್ಡದಾಗಿ ಗ್ರಹಿಸುವುದೆಂದು ಮೊದಲೇ ಹೇಳಿದೆಯಷ್ಟೆ. ಕೋಣೆಯ ಒಂದು ಸ್ವರ ಉಳಿದವನ್ನೆಲ್ಲ ನುಂಗಿಬಿಡುವುದು ಇದರಿಂದಲೇ.

ಅಂಬೆಗಾಲಿನ ಪ್ರಯೋಗ

ಪೆಟ್ಟಿಗೆಗೆ ತಕ್ಕ ಜಾಗವನ್ನು ಹುಡುಕಲು ಒಂದು ಸರಳವಾದ ಉಪಾಯವುಂಟು. ಶಬ್ದ ಹೊರಡುವ ಸ್ಥಾನವನ್ನೂ ಕೇಳುವ ಸ್ಥಾನವನ್ನೂ ಅದಲುಬದಲು ಮಾಡಿದರೆ ಫಲ ಬದಲಾಗದು ಎಂಬ ವಿನಿಮಯ ತತ್ತ್ವವನ್ನು ಹೆಲ್ಮ್‌ಹೋಲ್ಟ್ಸರು 1860ರಲ್ಲಿ ನಿರೂಪಿಸಿದರು. ಲಾರ್ಡ್ ರೇಲೀಯವರು ಅದನ್ನು ವಿಸ್ತರಿಸಿದರು. ಹಾಗಾದರೆ ಪೆಟ್ಟಿಗೆಯನ್ನೇ ಎತ್ತಿ ನಾವು ಕೂರುವ ಕುರ್ಚಿಯ ಮೇಲಿಡಬಹುದು. ಮಂದ್ರಸ್ವರಗಳು ಏರಿಳಿಯುವ ಒಂದು ಗೀತೆಯನ್ನು ಹಚ್ಚಿ, ಗೋಡೆಯ ಅಂಚಿನಲ್ಲಿ ಅಂಬೆಗಾಲಿಡುತ್ತ, ಕಿವಿಯನ್ನು ಪೆಟ್ಟಿಗೆ ನಿಲ್ಲತಕ್ಕ ಎತ್ತರಕ್ಕೆ ತಂದು ಆಲಿಸಬೇಕು. ಎಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳುವುವೋ ಅದೇ ಪೆಟ್ಟಿಗೆಯ ಜಾಗ.

ಮನೆಯವರ ನಗೆಯ ನಡುವೆ ನಾನೂ ಹೀಗೆ ಅಂಬೆಗಾಲಿಟ್ಟೆ. 4 ಮೀಟರ್ ಗೋಡೆಯ ನಡುಭಾಗದ ಸಮೀಪದಲ್ಲಿ ಗುಡುಗು ಅಡಗಿತು. ಕಾರಣ ಸ್ಪಷ್ಟ: ಅಗಲದ ಸ್ಥಾಯೀ ತರಂಗಕ್ಕೆ ಅದು ಶೂನ್ಯದ ನೆಲೆ, ಅಲ್ಲಿಂದ ಅದನ್ನು ಕೆರಳಿಸಲಾಗದು. ಪೆಟ್ಟಿಗೆಯನ್ನು ಮೂಲೆಯಿಂದ ಎರಡು ಮೀಟರ್ ಸರಿಸಿದೆ, ಕುರ್ಚಿಯನ್ನು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಎಳೆದೆ. ಹೊಸದಾಗಿ ಒಂದು ಕಾಸೂ ಖರ್ಚಾಗಲಿಲ್ಲ. ಅದೇ ಪೆಟ್ಟಿಗೆ ಇಂದಿಗೂ ನಮ್ಮ ಮನೆಯಲ್ಲಿದೆ.

ಒಂದು ಪೆಟ್ಟಿಗೆಯಿಂದ ಒಂದು ಆಸನವನ್ನು ಸರಿಪಡಿಸಬಹುದು. ಕೋಣೆಯ ಎಲ್ಲ ಆಸನಗಳನ್ನಲ್ಲ. ಹಲವರು ಒಟ್ಟಿಗೆ ಕುಳಿತು ಕೇಳುವ ಮನೆಯಲ್ಲಿ ಒಂದು ದೊಡ್ಡ ಪೆಟ್ಟಿಗೆಗಿಂತ ಎರಡು ಸಾಧಾರಣ ಪೆಟ್ಟಿಗೆಗಳು ಲೇಸು. ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದುರುಬದುರಾದ ಗೋಡೆಗಳ ಮಧ್ಯಬಿಂದುಗಳಲ್ಲಿ ಒಂದೊಂದನ್ನು ಇರಿಸಿದರೆ ಆಸನದಿಂದ ಆಸನಕ್ಕೆ ವ್ಯತ್ಯಾಸ ಬಹಳ ಕಡಮೆಯಾಗುವುದೆಂದು ತೋರಿಸಿದರು. ಇನ್ನು ವಿದ್ಯುನ್ಮಾನ ತಿದ್ದುಪಡಿಯ ಸಾಧನಗಳುಂಟು. ಅವು ಗುಡುಗುವ ಸ್ವರವನ್ನು ತಗ್ಗಿಸಬಲ್ಲವು. ಶೂನ್ಯವಾದ ಸ್ವರವನ್ನು ಮಾತ್ರ ತುಂಬಿಕೊಡಲಾರವು. ಹೆಚ್ಚು ಒತ್ತಿದಷ್ಟೂ ಅಲೆಗಳು ಹೆಚ್ಚಾಗಿ ಒಂದನ್ನೊಂದು ಅಳಿಸುತ್ತವೆ.

ಜೊತೆಗೂಡಿಸುವ ಬಗೆ

ಸಬ್‌ವೂಫರ್ ಒಂಟಿಯಾಗಿ ನುಡಿಯುವುದಲ್ಲ. ಮುಖ್ಯ ಧ್ವನಿವರ್ಧಕಗಳೊಡನೆ ಕೂಡಿ ನುಡಿಯಬೇಕು. ಇಂತಿಷ್ಟು ಆವೃತ್ತಿಯ ಕೆಳಗಿನದು ಸಬ್‌ವೂಫರಿಗೆ, ಮೇಲಿನದು ಉಳಿದವಕ್ಕೆ ಎಂದು ಪಾಲು ಹಂಚುವ ಎಲ್ಲೆಗೆ ಕ್ರಾಸ್‌ಓವರ್ ಎನ್ನುತ್ತಾರೆ. ಸಾಮಾನ್ಯವಾಗಿ 80 ಹರ್ಟ್ಸ್ ಒಳ್ಳೆಯ ಎಲ್ಲೆ. ಅದರ ಕೆಳಗಿನ ಅಲೆಗಳು ನಮ್ಮ ತಲೆಯ ಗಾತ್ರದ ಇಪ್ಪತ್ತರಷ್ಟಕ್ಕಿಂತ ಉದ್ದವಾದುದರಿಂದ, ಶಬ್ದ ಯಾವ ದಿಕ್ಕಿನಿಂದ ಬಂದಿತೆಂದು ಕೋಣೆಯಲ್ಲಿ ಕಿವಿಗಳಿಗೆ ತಿಳಿಯುವುದು ಬಲು ಕಷ್ಟ. ಎಲ್ಲೆಯನ್ನು 150ಕ್ಕೆ ಏರಿಸಿದರೆ ಗಾಯಕರ ಕಂಠದ ಒಂದು ಪಾಲು ಮೂಲೆಯ ಪೆಟ್ಟಿಗೆಯಿಂದ ಹೊರಟಂತೆ ಕೇಳಿ ರಸಭಂಗವಾಗುತ್ತದೆ.

ಪೆಟ್ಟಿಗೆಯ ಹಿಂಭಾಗದಲ್ಲಿ ಫೇಸ್ ಎಂದು ಬರೆದ ಗುಂಡಿಯೊಂದಿರುತ್ತದೆ. ಎಲ್ಲೆಯ ಆವೃತ್ತಿಯ ಸ್ವರವನ್ನು ನುಡಿಸಿ, ಗುಂಡಿಯನ್ನು 0ಯಿಂದ 180ಕ್ಕೆ ಹೊರಳಿಸಿ, ನಮ್ಮ ಆಸನದಲ್ಲಿ ಎಲ್ಲಿ ಶಬ್ದ ಹೆಚ್ಚು ತುಂಬಿ ಕೇಳುವುದೋ ಅಲ್ಲಿ ನಿಲ್ಲಿಸಬೇಕು. ಧ್ವನಿಯ ಮಟ್ಟವನ್ನು ಗೊತ್ತುಮಾಡಲು ನಾನು ಅನುಸರಿಸುವ ಒರೆಗಲ್ಲು ಇದು: ಸಬ್‌ವೂಫರ್ ನುಡಿಯುತ್ತಿದೆಯೆಂಬ ಅರಿವೇ ಆಗಬಾರದು, ಅದನ್ನು ಆರಿಸಿದೊಡನೆ ಸಂಗೀತ ಬಡವಾಯಿತೆಂದು ತೋರಬೇಕು.

ಗೋಡೆಯ ಆಚೆಯವರು

ಕಡೆಯದಾಗಿ, ಈ ಪೆಟ್ಟಿಗೆಯ ಧ್ವನಿಯನ್ನು ಕೇಳುವವರು ಅದನ್ನು ಕೊಂಡವರು ಮಾತ್ರವಲ್ಲ. ಒಂದೇ ಗೋಡೆಯು ಶಬ್ದವನ್ನು ತಡೆಯುವ ಶಕ್ತಿ, ಆವೃತ್ತಿ ಅರ್ಧವಾದಾಗಲೆಲ್ಲ ಸುಮಾರು 6 ಡೆಸಿಬೆಲಿನಷ್ಟು ಕುಗ್ಗುತ್ತದೆ. ಮಾತನ್ನು ತಡೆದ ಗೋಡೆ ಮಂದ್ರವನ್ನು ಬಿಟ್ಟುಕೊಡುತ್ತದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲುಗಳ ಮಿತಿಯನ್ನು ವಿಧಿಸಿದವು. ಆದರೆ ಆ ಅಳತೆಯಲ್ಲಿ ಕಿವಿಯ ಜಿಪುಣತನವನ್ನು ಅನುಸರಿಸಿ ಮಂದ್ರಕ್ಕೆ ಭಾರಿ ರಿಯಾಯಿತಿ ಉಂಟು, 31.5 ಹರ್ಟ್ಸಿನ ಧ್ವನಿಗೆ ಸುಮಾರು 39 ಡೆಸಿಬೆಲ್ ಕಳೆದು ಲೆಕ್ಕ ಹಿಡಿಯಲಾಗುತ್ತದೆ. ಮಾಪಕವು ಒಪ್ಪಿದ ಮಾತ್ರಕ್ಕೆ ಪಕ್ಕದ ಮನೆಯ ರೋಗಿಗೆ ನಿದ್ರೆ ಬಂದಿತೆಂದು ತಿಳಿಯಬಾರದು. ಮರುದಿನ ಪರೀಕ್ಷೆಗೆ ಕೂರಬೇಕಾದ ಹುಡುಗನಿಗೆ ಓದು ಸಾಗಿತೆಂದೂ ತಿಳಿಯಬಾರದು. ಗೋಡೆಯ ಆಚೆ ಅರ್ಧ ಗಂಟೆ ಕುಳಿತು ಆಲಿಸುವುದು ಮಾಪಕಕ್ಕಿಂತ ಉತ್ತಮವಾದ ಪರೀಕ್ಷೆ.

ಆದುದರಿಂದ ಸಬ್‌ವೂಫರನ್ನು ಕೊಳ್ಳಬಯಸುವ ತರುಣರು ಅಂಗಡಿಗೆ ಹೋಗುವ ಮೊದಲು ಅಳತೆಪಟ್ಟಿ ಹಿಡಿದು ತಮ್ಮ ಕೋಣೆಯ ಮೂರು ಅಳತೆಗಳನ್ನು ತೆಗೆಯಲಿ. ಅದರ ಮೂರು ಸ್ವರಗಳನ್ನು ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಲಿ. ಪೆಟ್ಟಿಗೆಯನ್ನು ನಿಲ್ಲಿಸಲು ಎರಡು ಮೂರು ಜಾಗಗಳು ಮನೆಯಲ್ಲಿ ಉಂಟೇ ಎಂದು ನೋಡಲಿ. ಮನೆಗೆ ಒಯ್ದು ಕೇಳಿ ನೋಡಿದ ಮೇಲೆ ಹಿಂದಿರುಗಿಸಬಹುದೇ ಎಂದು ಅಂಗಡಿಯವರನ್ನು ವಿಚಾರಿಸಲಿ. ಹಣ ಕಡಮೆಯಿದ್ದರೆ ಸಾಧಾರಣವಾದ ಪೆಟ್ಟಿಗೆಯನ್ನೇ ತಂದು, ಸರಿಯಾದ ಸ್ಥಳದಲ್ಲಿ ನಿಲ್ಲಿಸಲಿ. ತಪ್ಪಾದ ಮೂಲೆಯಲ್ಲಿ ನಿಂತ ದುಬಾರಿ ಪೆಟ್ಟಿಗೆಗಿಂತ ಅದು ಮೃದಂಗದ ತೊಪ್ಪಿಗೆ ಹೆಚ್ಚು ನ್ಯಾಯವನ್ನು ಸಲ್ಲಿಸುತ್ತದೆ.